ತಂತಿಯ ತುದಿ ಎಲ್ಲಿ ಕೂಡಬೇಕು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಲ್ಲಿ ಹಿರಿಯರೊಬ್ಬರಿಗೆ "ಎದಿಯಾಗ ಮಿಷನ್ ಕೂಡಸಬೇಕು" ಎಂಬ ಮಾತು ಬಂದರೆ ಸುತ್ತ ಕುಳಿತವರಿಂದ ಸಾಲಾಗಿ ಮೂರು ಪ್ರಶ್ನೆ ಏಳುತ್ತವೆ. ಎಷ್ಟು ಲಕ್ಷ ಆಗತದ? ಯಾವ ಕಂಪನಿದು? ಬ್ಯಾಟರಿ ಎಷ್ಟು ವರ್ಷ ಬರತದ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಕಳೆದ ಕಾಲು ಶತಮಾನದ ಸಂಶೋಧನೆಗಳು ನಾಲ್ಕನೆಯದೊಂದನ್ನು ಇವಕ್ಕಿಂತ ಮುಂದೆ ತಂದು ನಿಲ್ಲಿಸಿವೆ: ಆ ಮಿಷನ್ನಿನಿಂದ ಹೊರಟ ತಂತಿಯ ತುದಿ ಹೃದಯದ ಯಾವ ಜಾಗದಲ್ಲಿ ಕೂಡುತ್ತದೆ?

ಪ್ರಶ್ನೆ ಸಣ್ಣದು. ಆದರೆ ಅದೇ ಪೇಸ್‌ಮೇಕರ್ ಒಂದು ಜಾಗದಲ್ಲಿ ತಂತಿ ಕೂಡಿಸಿದರೆ ದುರ್ಬಲ ಹೃದಯವನ್ನು ಇನ್ನಷ್ಟು ದುರ್ಬಲ ಮಾಡಬಹುದು, ಎರಡು ಮೂರು ಸೆಂಟಿಮೀಟರ್ ಆಚೆ ಕೂಡಿಸಿದರೆ ಅದನ್ನೇ ಚೇತರಿಸಬಹುದು.

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಅದು ದೂಡಲಾರದ ಸ್ಥಿತಿ. ನಾಲ್ಕು ಹೆಜ್ಜೆ ನಡೆದರೆ ದಮ್ಮು, ಸಂಜೆಗೆ ಪಾದ ಬಾವು, ರಾತ್ರಿ ಎರಡು ದಿಂಬು ಇಲ್ಲದೆ ಮಲಗಲಾಗದು. ಎಕೋ ಪರೀಕ್ಷೆಯಲ್ಲಿ ಡಾಕ್ಟರರು "ಪಂಪಿಂಗ್" ಎಂದು ಹೇಳುವ ಅಂಕಿ, ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಕೆಳಗಿನ ಎಡ ಕೋಣೆಯಲ್ಲಿ, ತುಂಬಿದ ರಕ್ತದ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಬೀಳುತ್ತದೆ ಎಂಬುದರ ಲೆಕ್ಕ. ಆರೋಗ್ಯವಂತರಲ್ಲಿ ಅದು ಸುಮಾರು ಶೇ 55ಕ್ಕಿಂತ ಮೇಲಿರುತ್ತದೆ. 40ಕ್ಕೆ ಇಳಿದರೆ ದುರ್ಬಲ; 35 ಅಥವಾ ಅದಕ್ಕಿಂತ ಕೆಳಗಾದರೆ ಯಂತ್ರದ ಮಾತು ಶುರುವಾಗುತ್ತದೆ. ನಮ್ಮ ದೇಶದಲ್ಲಿ ಈ ರೋಗ ಬೇಗನೆ ಬರುತ್ತದೆ. 2013ರಲ್ಲಿ ತಿರುವನಂತಪುರದಲ್ಲಿ 1,205 ರೋಗಿಗಳನ್ನು ದಾಖಲಿಸಿದ ಅಧ್ಯಯನದಲ್ಲಿ ಅವರ ಸರಾಸರಿ ವಯಸ್ಸು 61. ನೂರಕ್ಕೆ 72 ಜನರಲ್ಲಿ ಮೂಲ ಕಾರಣ ಹೃದಯದ ರಕ್ತನಾಳದ ಕಾಯಿಲೆ.

ಹೃದಯ ಬಡಿಯುವುದು ವಿದ್ಯುತ್ತಿನ ಸೂಚನೆಯಿಂದ. ಮೇಲಿನ ಬಲ ಕೋಣೆಯಲ್ಲಿ ಹುಟ್ಟಿದ ಸೂಚನೆ ನಡುವಿನ ಗಂಟೊಂದಕ್ಕೆ ಬಂದು, ಅಲ್ಲಿಂದ ಒಂದೇ ಕಟ್ಟಾಗಿ ಕೆಳಗಿಳಿದು, ಬಲ ಮತ್ತು ಎಡ ಕವಲುಗಳಾಗಿ ಒಡೆಯುತ್ತದೆ. ಆ ಕಟ್ಟನ್ನು 1893ರಲ್ಲಿ ವಿವರಿಸಿದವನು ವಿಲ್ಹೆಲ್ಮ್ ಹಿಸ್. ಅದರಿಂದಲೇ ಹಿಸ್ ಕಟ್ಟು ಎಂಬ ಹೆಸರು. ನಡುಗಂಟಿನಿಂದ ಕವಲುಗಳ ತುದಿಯವರೆಗಿನ ಪೂರ್ತಿ ನಕ್ಷೆಯನ್ನು 1906ರಲ್ಲಿ ಬಿಡಿಸಿಟ್ಟವನು ಜಪಾನಿನ ಸುನಾವೊ ತವಾರಾ. ಈ ಕವಲುಗಳ ತುದಿಯ ನಾರುಗಳಲ್ಲಿ ಸೂಚನೆ ಸೆಕೆಂಡಿಗೆ 2ರಿಂದ 4 ಮೀಟರ್ ಓಡುತ್ತದೆ. ಸಾದಾ ಹೃದಯ ಸ್ನಾಯುವಿನಲ್ಲಾದರೆ ಅದು ಹಲವು ಪಟ್ಟು ನಿಧಾನ.

ವಾಡಿ ಜಂಕ್ಷನ್ ಕಂಡವರಿಗೆ ಇದು ತಟ್ಟನೆ ಹೊಳೆದೀತು. ಸೊಲ್ಲಾಪುರ, ಕಲಬುರಗಿ, ಶಹಾಬಾದ್ ದಾಟಿ ಬಂದ ಹಳಿ ವಾಡಿಯಲ್ಲಿ ಕವಲೊಡೆಯುತ್ತದೆ. ಒಂದು ರಾಯಚೂರಿಗೆ, ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರು ಮೂಲಕ ಸಿಕಂದರಾಬಾದಿಗೆ. ಸೇಡಂ ಹಳಿ ಮುಚ್ಚಿದೆ ಎಂದುಕೊಳ್ಳಿ. ರಾಯಚೂರಿನ ಮಾಲು ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಸೇಡಂನ ಮಾಲು ಕೆಳಗಿಳಿದು ಎರೆಭೂಮಿಯ ಬಂಡಿದಾರಿ ಹಿಡಿದು ತಡವಾಗಿ ಬರುತ್ತದೆ. ಎಡ ಕವಲು ಕಟ್ಟಿಕೊಂಡ ಹೃದಯದಲ್ಲಿ ಆಗುವುದು ಇದೇ. ಬಲ ಭಾಗ ಮೊದಲು ಹಿಂಡುತ್ತದೆ, ಎಡ ಗೋಡೆ ತಡಮಾಡಿ ಹಿಂಡುತ್ತದೆ. ಎರಡೂ ಕೂಡಿ ದೂಡಬೇಕಾದ ರಕ್ತ ಅತ್ತಿತ್ತ ತುಳುಕಾಡುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗೆ ನಡೆದರೆ ಹೃದಯ ಹಿಗ್ಗಿ ಸೋಲುತ್ತದೆ.

ಪೇಸಿಂಗ್ ಎಂದರೆ ಯಂತ್ರವೇ ಸೂಚನೆ ಕೊಟ್ಟು ಹೃದಯವನ್ನು ಬಡಿಸುವುದು. ಅದರ ವಿಧಾನಗಳ ನಡುವಿನ ವ್ಯತ್ಯಾಸವೆಲ್ಲ, ಈ ದಾರಿಯಲ್ಲಿ ಯಂತ್ರ ಎಲ್ಲಿ ಕೈಹಾಕುತ್ತದೆ ಎಂಬುದರಲ್ಲಿದೆ.

ಮೊದಲನೆಯದು ಹಳೆಯದು, ಈಗಲೂ ಅತಿ ಹೆಚ್ಚು ಬಳಕೆಯಲ್ಲಿರುವುದು: ಬಲ ಹೃತ್ಕುಕ್ಷಿಯ ಒಳಗೋಡೆಗೆ ಒಂದು ತಂತಿ. ಮೈಯೊಳಗೆ ಕೂಡಿಸುವ ಪೇಸ್‌ಮೇಕರಿನ ಚರಿತ್ರೆ ಶುರುವಾಗುವುದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಕಟ್ಟಿದ ಯಂತ್ರವನ್ನು ಶಸ್ತ್ರವೈದ್ಯ ಓಕೆ ಸೆನಿಂಗ್ 43 ವರ್ಷದ ಆರ್ನೆ ಲಾರ್ಸನ್ ಮೈಯಲ್ಲಿ ಕೂಡಿಸಿದರು. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಒಟ್ಟು 26 ಯಂತ್ರಗಳನ್ನು ಸವೆಸಿ, ತನ್ನ ಎಂಜಿನಿಯರನನ್ನೂ ಶಸ್ತ್ರವೈದ್ಯನನ್ನೂ ಮೀರಿ ಬದುಕಿ, 2001ರಲ್ಲಿ 86ನೆಯ ವಯಸ್ಸಿಗೆ ತೀರಿಕೊಂಡರು.

ಹೃದಯ ನಿಮಿಷಕ್ಕೆ ಮೂವತ್ತು, ಮೂವತ್ತೈದು ಬಾರಿ ಮಾತ್ರ ಬಡಿದು ತಲೆಸುತ್ತಿ ಬೀಳುವವರಿಗೆ ಈ ವಿಧಾನ ಜೀವ ಉಳಿಸುತ್ತದೆ; ಅದರಲ್ಲಿ ಎರಡು ಮಾತಿಲ್ಲ. ತೊಡಕು ಇರುವುದು ಬೇರೆ ಕಡೆ. ಬಲ ಗೋಡೆಯ ಸ್ನಾಯುವಿನಲ್ಲಿ ಹುಟ್ಟಿಸಿದ ಸೂಚನೆ ಸಹಜ ದಾರಿಯನ್ನು ಬಿಟ್ಟು ಸ್ನಾಯುವಿನ ಮೂಲಕವೇ ಎಡಕ್ಕೆ ತೆವಳುತ್ತದೆ. ಎಡ ಕವಲು ಕಟ್ಟಿಕೊಂಡವರ ಹೃದಯದ ಸ್ಥಿತಿಯನ್ನೇ ಯಂತ್ರ ಕೃತಕವಾಗಿ ತಂದಂತಾಗುತ್ತದೆ. 2002ರಲ್ಲಿ ಪ್ರಕಟವಾದ ಡೇವಿಡ್ ಅಧ್ಯಯನ ಇದನ್ನು ಬಯಲಿಗೆಳೆಯಿತು. ಪಂಪಿಂಗ್ 40 ಅಥವಾ ಕಡಿಮೆ ಇದ್ದ 506 ರೋಗಿಗಳಲ್ಲಿ ಒಂದು ಗುಂಪಿಗೆ ಯಂತ್ರ ಸತತವಾಗಿ ಪೇಸ್ ಮಾಡಿತು. ಇನ್ನೊಂದಕ್ಕೆ ಬಡಿತ 40ಕ್ಕಿಂತ ಇಳಿದರೆ ಮಾತ್ರ. ವರ್ಷದ ಕೊನೆಗೆ ಸಾವು ಅಥವಾ ಹೃದಯ ವೈಫಲ್ಯದ ದಾಖಲಾತಿ ಇಲ್ಲದೆ ಉಳಿದವರು ಹೆಚ್ಚು ಪೇಸಿಂಗ್ ಪಡೆದವರಲ್ಲಿ ಶೇ 73.3, ಕಡಿಮೆ ಪಡೆದವರಲ್ಲಿ ಶೇ 83.9. ನೆರವಿಗೆ ಬಂದ ಯಂತ್ರವೇ ಹೊರೆಯಾಗಿತ್ತು.

ಹಾಗೆಂದು ಹಳೆಯ ಮಿಷನ್ ಇರುವವರೆಲ್ಲ ಗಾಬರಿ ಬೀಳಬೇಕಿಲ್ಲ. ಸತತವಾಗಿ ಬಲಭಾಗದ ಪೇಸಿಂಗ್ ಪಡೆಯುವವರಲ್ಲಿ ನೂರಕ್ಕೆ ಸುಮಾರು ಹತ್ತರಿಂದ ಇಪ್ಪತ್ತು ಜನರ ಹೃದಯ ಕಾಲಕ್ರಮದಲ್ಲಿ ಸೋಲುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಮಿಕ್ಕವರು ಅದೇ ತಂತಿಯೊಂದಿಗೆ ದಶಕಗಳ ಕಾಲ ಹೊಲ ಮನೆ ನೋಡಿಕೊಂಡು ಇರುತ್ತಾರೆ. ಅಪರೂಪಕ್ಕೊಮ್ಮೆ ಮಾತ್ರ ಪೇಸಿಂಗ್ ಬೇಕಾಗುವವರಿಗಂತೂ ಈ ಚಿಂತೆಯೇ ಕಡಿಮೆ.

ಎರಡನೆಯ ವಿಧಾನ ಎಡ ಗೋಡೆಯ ತಡವನ್ನು ನೀಗಿಸಲು ಬಂದದ್ದು: ಎರಡೂ ಹೃತ್ಕುಕ್ಷಿಗಳಿಗೆ ಒಟ್ಟಿಗೆ ಪೇಸಿಂಗ್. ವೈದ್ಯರ ಬಾಯಲ್ಲಿ ಸಿಆರ್‌ಟಿ. 1994ರಲ್ಲಿ ಫ್ರಾನ್ಸಿನ ಸೆರ್ಜ್ ಕಝೋ ತಂಡ ತೀವ್ರ ಹೃದಯ ವೈಫಲ್ಯದ ರೋಗಿಯೊಬ್ಬನ ನಾಲ್ಕೂ ಕೋಣೆಗಳಿಗೆ ತಂತಿ ಕೂಡಿಸಿದ್ದನ್ನು ವರದಿ ಮಾಡಿತು. ಆಗ ಎಡಭಾಗದ ತಂತಿಗೆ ಎದೆ ತೆರೆಯಬೇಕಿತ್ತು. 1998ರ ಹೊತ್ತಿಗೆ ಫ್ರಾನ್ಸಿನವರೇ ಆದ ಡೋಬೆರ್ ಮತ್ತು ಸಂಗಡಿಗರು, ಹೃದಯದ ಹಿಂಬದಿಯ ಅಭಿಧಮನಿಯೊಳಗೆ ತಂತಿ ತೂರಿಸಿ ಎಡ ಗೋಡೆಯ ಹೊರಮೈ ಮುಟ್ಟುವ ದಾರಿ ತೋರಿದರು. ಭುಜದ ಕೆಳಗೆ ಎರಡಿಂಚಿನ ಗಾಯದಲ್ಲೇ ಕೆಲಸ ಮುಗಿಯುವಂತಾಯಿತು.

2005ರಲ್ಲಿ ಬಂದ ಕೇರ್-ಎಚ್‌ಎಫ್ ಅಧ್ಯಯನ ಸಿಆರ್‌ಟಿಗೆ ಗಟ್ಟಿ ನೆಲ ಒದಗಿಸಿತು. 813 ರೋಗಿಗಳಲ್ಲಿ, ಸರಾಸರಿ ಎರಡೂವರೆ ವರ್ಷದ ಹತ್ತಿರದ ಅವಧಿಯಲ್ಲಿ, ಬರೀ ಔಷಧಿಯ ಗುಂಪಿನಲ್ಲಿ ಶೇ 30ರಷ್ಟು ಜನ ತೀರಿಕೊಂಡರೆ ಸಿಆರ್‌ಟಿ ಗುಂಪಿನಲ್ಲಿ ಶೇ 20. ಹೃದಯ ವೈಫಲ್ಯದ ಚಿಕಿತ್ಸೆಯಲ್ಲಿ ಇಂಥ ಅಂತರ ಸುಲಭಕ್ಕೆ ಸಿಗುವುದಿಲ್ಲ.

ಆದರೆ ಇದು ಎಲ್ಲರಿಗೂ ಒಗ್ಗುವ ಚಿಕಿತ್ಸೆಯಲ್ಲ. ಯಾರಿಗೆ ಒಗ್ಗುತ್ತದೆ ಎಂಬುದರ ಮೊದಲ ಸುಳಿವು ಸಿಗುವುದು ಕೋಟಿ ಬೆಲೆಯ ಯಂತ್ರದಲ್ಲೇನೂ ಅಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೂ ತೆಗೆಯುವ ಇಸಿಜಿ ಕಾಗದದ ಮೇಲೆ. ಆ ಕಾಗದದ ಒಂದು ಸಣ್ಣ ಚೌಕ ಎಂದರೆ 40 ಮಿಲಿಸೆಕೆಂಡು. ಹೃತ್ಕುಕ್ಷಿಗಳ ಬಡಿತವನ್ನು ತೋರುವ ಎತ್ತರದ ಗೆರೆ ಸಾಮಾನ್ಯವಾಗಿ ಎರಡೂವರೆ ಚೌಕದೊಳಗೆ ಮುಗಿಯುತ್ತದೆ. ಮೂರು ಚೌಕ, ಅಂದರೆ 120 ಮಿಲಿಸೆಕೆಂಡು ಮುಟ್ಟಿದರೆ ದಾರಿಯಲ್ಲಿ ತಡೆಯಿದೆ ಎಂದರ್ಥ. ಎಡ ಕವಲು ಕಟ್ಟಿಕೊಂಡಿದ್ದು, ಅಗಲ 150 ಅಥವಾ ಹೆಚ್ಚಿದ್ದು, ಪಂಪಿಂಗ್ 35 ಅಥವಾ ಕಡಿಮೆ ಇದ್ದರೆ ಸಿಆರ್‌ಟಿಯ ಫಲ ಎಲ್ಲಕ್ಕಿಂತ ಚೆನ್ನ. ಗೆರೆ ತೆಳ್ಳಗಿದ್ದವರಿಗೆ ಕೂಡಿಸಿದರೇನು ಎಂದು ನೋಡಿದ ಎಕೋ-ಸಿಆರ್‌ಟಿ ಅಧ್ಯಯನವನ್ನು 2013ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. 809 ರೋಗಿಗಳಲ್ಲಿ, ಯಂತ್ರ ಚಾಲೂ ಇದ್ದವರಲ್ಲಿ 45 ಸಾವು, ಬಂದ್ ಇಟ್ಟವರಲ್ಲಿ 26. ಬೇಡದವರಿಗೆ ದುಬಾರಿ ಯಂತ್ರ ಕೂಡಿಸಿದರೆ ಹಣದ ಜೊತೆಗೆ ಜೀವಕ್ಕೂ ಕುತ್ತು.

ಸರಿಯಾಗಿ ಆರಿಸಿದವರಲ್ಲೂ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಸಿಆರ್‌ಟಿಯಿಂದ ನಿರೀಕ್ಷಿಸಿದ ಗುಣ ಕಾಣುವುದಿಲ್ಲ. ಕಾರಣಗಳು ಹಲವು. ಹಿಂಬದಿಯ ಅಭಿಧಮನಿ ಕೆಲವರಲ್ಲಿ ತೀರಾ ಕಿರಿದು. ತಂತಿ ಬೇಕಾದ ಜಾಗಕ್ಕೆ ಹೋಗುವುದೇ ಇಲ್ಲ. ಕೆಲವರಲ್ಲಿ ತುದಿ ಕೂತ ಜಾಗ ಹಳೆಯ ಹೃದಯಾಘಾತದ ಕಲೆ. ಅಲ್ಲಿ ವಿದ್ಯುತ್ತು ಹರಿಯದು. ಇನ್ನು ಕೆಲವರಲ್ಲಿ ಅದು ವಪೆಯ ನರವನ್ನು ಮುಟ್ಟಿ, ಪ್ರತಿ ಬಡಿತಕ್ಕೂ ಹೊಟ್ಟೆ ಬಿಕ್ಕಳಿಸಿದಂತೆ ಅದರುತ್ತದೆ. ತಂತಿ ಹೆಚ್ಚಾದಂತೆ ಬೆಲೆಯೂ ಏರುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಅಷ್ಟು ಸುತ್ತು ಬಳಸುವ ಬದಲು ಹೃದಯದ ಸ್ವಂತ ದಾರಿಗೇ ಸೂಚನೆ ಕೊಡಬಾರದೇಕೆ? ಈ ಪ್ರಶ್ನೆಯನ್ನು ಶಾಶ್ವತ ಪೇಸಿಂಗಿಗೆ ಒಯ್ದು ತೋರಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸ ಮಾಡುತ್ತಿದ್ದ ಪ್ರಮೋದ್ ದೇಶಮುಖ್. 2000ದಲ್ಲಿ ಅವರ ತಂಡ 18 ರೋಗಿಗಳಲ್ಲಿ ಹಿಸ್ ಕಟ್ಟಿಗೇ ತಂತಿ ಕೂಡಿಸಲು ಹೊರಟು 12 ಜನರಲ್ಲಿ ಯಶಸ್ಸು ಕಂಡಿತು. ಇದು ಮೂರನೆಯ ವಿಧಾನ. ತತ್ವದಲ್ಲಿ ಇದಕ್ಕಿಂತ ಸಹಜವಾದದ್ದಿಲ್ಲ. ಎರಡೂ ಕವಲುಗಳಿಗೆ ಸೂಚನೆ ತಾನಾಗಿ ಇಳಿಯುತ್ತದೆ. ಪ್ರಯೋಗದಲ್ಲಿ ಕಷ್ಟ. ಹಿಸ್ ಕಟ್ಟು ಕೆಲವೇ ಮಿಲಿಮೀಟರ್ ಅಗಲದ ಗುರಿ. ಅದನ್ನು ಕೆರಳಿಸಲು ಹೆಚ್ಚು ವೋಲ್ಟೇಜ್ ಬೇಕು. ಬರಬರುತ್ತ ಆ ಬೇಡಿಕೆ ಇನ್ನೂ ಏರಿ ಬ್ಯಾಟರಿ ತಿನ್ನುತ್ತದೆ. ತಡೆ ಕಟ್ಟಿನಿಂದ ಕೆಳಗಿದ್ದರೆ ಪ್ರಯೋಜನವಿಲ್ಲ. 2019ರ ಹಿಸ್-ಸಿಂಕ್ ಎಂಬ 41 ರೋಗಿಗಳ ಸಣ್ಣ ಅಧ್ಯಯನದಲ್ಲಿ, ಹಿಸ್ ಪೇಸಿಂಗಿಗೆ ಆರಿಸಿದವರಲ್ಲಿ ಅರ್ಧದಷ್ಟು ಜನರನ್ನು ಕೊನೆಗೆ ಸಿಆರ್‌ಟಿಗೇ ತಿರುಗಿಸಬೇಕಾಯಿತು.

ನಾಲ್ಕನೆಯದು ಈಗ ಎಲ್ಲರ ಬಾಯಲ್ಲಿರುವುದು. 2017ರಲ್ಲಿ ಚೀನಾದ ವೆನ್‌ಝೌ ನಗರದ ವೆಯ್‌ಜಿಯಾನ್ ಹ್ವಾಂಗ್ ತಂಡ ಹಿಸ್ ಕಟ್ಟಿನಿಂದ ಇನ್ನೂ ಸ್ವಲ್ಪ ಕೆಳಗಿಳಿಯಿತು. ಬಲ ಹೃತ್ಕುಕ್ಷಿಯ ಕಡೆಯಿಂದ ನಡುಗೋಡೆಯೊಳಗೆ ತಂತಿಯನ್ನು ಸ್ಕ್ರೂ ತಿರುಗಿಸಿದಂತೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಆಳ ಇಳಿಸಿ, ಆಚೆ ಬದಿಯ ಎಡ ಕವಲನ್ನು ಮುಟ್ಟಿತು. ಎಡ ಕವಲು ನಡುಗೋಡೆಯ ಮೇಲೆ ಬೀಸಣಿಗೆಯಂತೆ ಹರಡಿಕೊಂಡಿರುವುದರಿಂದ ಗುರಿ ದೊಡ್ಡದು. ವೋಲ್ಟೇಜ್ ಕಡಿಮೆ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು, ಹೃತ್ಕುಕ್ಷಿಗೆ ಒಂದೇ ತಂತಿ ಮತ್ತು ಸಾಮಾನ್ಯ ಪೇಸ್‌ಮೇಕರ್ ಹಲವರಿಗೆ ಸಾಕಾಗುತ್ತದೆ. ಸಿಆರ್‌ಟಿಯ ವಿಶೇಷ ಯಂತ್ರ ಬೇಕೇ ಬೇಕೆಂದಿಲ್ಲ. ಭಾರತದಲ್ಲಿ ಈ ವಿಧಾನವನ್ನು ಮೊದಲ ಸಾಲಿನಲ್ಲಿ ನಿಂತು ಬೆಳೆಸಿದವರು ಮದುರೆಯ ವೇಲಮ್ಮಾಳ್ ವೈದ್ಯಕೀಯ ಕಾಲೇಜಿನ ಷಣ್ಮುಗ ಸುಂದರಂ ಪೊನ್ನುಸಾಮಿ. ಮಹಾನಗರದ ಹೊರಗೂ ಈ ವಿದ್ಯೆ ಬೇರೂರಬಲ್ಲದು ಎಂಬುದಕ್ಕೆ ಅವರ ಕೆಲಸ ಸಾಕ್ಷಿ.

ಅಂಕಿಗಳು ಆಸೆ ಹುಟ್ಟಿಸುವಂತಿವೆ. 2022ರ ಎಲ್‌ಬಿಬಿಪಿ-ರಿಸಿಂಕ್ ಅಧ್ಯಯನದಲ್ಲಿ ಪಂಪಿಂಗ್ ಏರಿಕೆ ಎಡ ಕವಲಿನ ಗುಂಪಿನಲ್ಲಿ ಸುಮಾರು 21 ಅಂಶ, ಸಿಆರ್‌ಟಿ ಗುಂಪಿನಲ್ಲಿ ಸುಮಾರು 16. 2023ರಲ್ಲಿ ಪುಗಳೇಂದಿ ವಿಜಯರಾಮನ್ ಮತ್ತು ಸಂಗಡಿಗರು 15 ಆಸ್ಪತ್ರೆಗಳ 1,778 ರೋಗಿಗಳ ದಾಖಲೆ ಕೂಡಿಸಿ ನೋಡಿದರು. ಸಾವು ಅಥವಾ ಹೃದಯ ವೈಫಲ್ಯದ ದಾಖಲಾತಿ ಎಡ ಕವಲಿನವರಲ್ಲಿ ಶೇ 20.8, ಸಿಆರ್‌ಟಿಯವರಲ್ಲಿ ಶೇ 28.

ಆದರೆ ಈ ಎರಡು ಅಧ್ಯಯನಗಳ ತೂಕ ತಿಳಿದೇ ಓದಬೇಕು. ಮೊದಲನೆಯದರಲ್ಲಿ ಚೀಟಿ ಎತ್ತಿದಂತೆ ಗುಂಪು ಮಾಡಿದ್ದರೂ ಇದ್ದವರು ಕೇವಲ 40 ಜನ. ಎರಡನೆಯದರಲ್ಲಿ ಜನ ಹೆಚ್ಚು, ಆದರೆ ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಆರಿಸಿದ್ದರಿಂದ ಗುಂಪುಗಳು ಸಮಬಲವಾಗಿದ್ದವು ಎನ್ನಲಾಗದು. ಅಪಾಯವೂ ಇಲ್ಲದಿಲ್ಲ. ಯೂರೋಪಿನ 14 ಕೇಂದ್ರಗಳ 2,533 ರೋಗಿಗಳ ಮೆಲೋಸ್ ದಾಖಲೆಯಲ್ಲಿ, ಬಡಿತ ನಿಧಾನವಾದವರಲ್ಲಿ ಶೇ 92.4 ಯಶಸ್ಸು ಸಿಕ್ಕರೆ ಹೃದಯ ವೈಫಲ್ಯದವರಲ್ಲಿ ಶೇ 82.2 ಮಾತ್ರ; ಹಿಗ್ಗಿದ, ಕಲೆಗಟ್ಟಿದ ನಡುಗೋಡೆಯಲ್ಲಿ ಸ್ಕ್ರೂ ಇಳಿಸುವುದು ಕಷ್ಟ. ನಡುಗೋಡೆ ದಾಟುವ ಈ ದಾರಿಗೇ ಸೇರಿದ ತೊಂದರೆಗಳು ಶೇ 8.3. ತಂತಿ ಆಚೆಗೆ ತೂತಾಗಿ ಹೊರಬರುವುದು ಅವುಗಳಲ್ಲೊಂದು. ಇಪ್ಪತ್ತು ವರ್ಷ ನಡುಗೋಡೆಯಲ್ಲಿ ಹೂತು ಪ್ರತಿ ಬಡಿತಕ್ಕೂ ಬಾಗುವ ತಂತಿ ಹೇಗೆ ಬಾಳುತ್ತದೆ ಎಂಬುದನ್ನು ಕಾಲವೇ ತೋರಿಸಬೇಕು. ವಿಧಾನಕ್ಕೇ ಇನ್ನೂ ಅಷ್ಟು ವಯಸ್ಸಾಗಿಲ್ಲ. ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಗುರಿ ಇಟ್ಟುಕೊಂಡ ಲೆಫ್ಟ್ ವರ್ಸಸ್ ಲೆಫ್ಟ್ ಎಂಬ ದೊಡ್ಡ ಹೋಲಿಕೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರಂಭವಾಗಿರುವುದು ಈ ಕಾರಣಕ್ಕೇ.

ನಮ್ಮ ಭಾಗದ ಬಹಳಷ್ಟು ಜನರಿಗೆ ಹೆಚ್ಚು ಸಂಬಂಧಪಡುವ ಅಧ್ಯಯನ ಇನ್ನೊಂದಿದೆ. ಬಡಿತ ನಿಧಾನವಾಗಿ ಮಿಷನ್ ಹೇಗೂ ಬೇಕು. ಜೊತೆಗೆ ಪಂಪಿಂಗ್ 50 ಅಥವಾ ಅದಕ್ಕಿಂತ ಕಡಿಮೆ. ಇಂಥವರಿಗೆ ಯಾವುದು ಎಂದು ಕೇಳಿದ್ದು 2013ರ ಬ್ಲಾಕ್-ಎಚ್‌ಎಫ್. 691 ರೋಗಿಗಳಲ್ಲಿ ಬಲಭಾಗದ ತಂತಿ ಮಾತ್ರ ಇದ್ದವರಲ್ಲಿ ಶೇ 55.6 ಜನ ಸಾವು, ತುರ್ತು ಹೃದಯ ವೈಫಲ್ಯ ಅಥವಾ ಹೃದಯ ಹಿಗ್ಗುವಿಕೆ ಕಂಡರು. ಎರಡೂ ಕಡೆ ಪೇಸಿಂಗ್ ಪಡೆದವರಲ್ಲಿ ಶೇ 45.8. 2023ರಲ್ಲಿ ಹಾರ್ಟ್ ರಿದಮ್ ಸೊಸೈಟಿ ಮತ್ತು ಅದರ ಏಷ್ಯಾ, ಲ್ಯಾಟಿನ್ ಅಮೆರಿಕದ ಸಂಗಾತಿ ಸಂಸ್ಥೆಗಳು ಹೊರಡಿಸಿದ ಮಾರ್ಗಸೂಚಿಯೂ ಇದೇ ದಿಕ್ಕಿನದು: ಪಂಪಿಂಗ್ 36ರಿಂದ 50ರೊಳಗಿದ್ದು, ಯಂತ್ರ ಗಣನೀಯವಾಗಿ ಪೇಸ್ ಮಾಡಬೇಕಾಗಬಹುದು ಎಂದಾದರೆ, ಸಹಜ ದಾರಿಯ ಪೇಸಿಂಗ್ ಅಥವಾ ಸಿಆರ್‌ಟಿಯನ್ನು ಮೊದಲೇ ಪರಿಗಣಿಸಬೇಕು. ಅಂದರೆ ಮಿಷನ್ ಕೂಡಿಸುವ ಮುನ್ನ ಎಕೋ ಆಗಲೇಬೇಕು.

ಇಷ್ಟರ ನಡುವೆ ಶಾಕ್ ಕೊಡುವ ಯಂತ್ರದ ಮಾತೂ ಬರುತ್ತದೆ. ಬೆಲೆ ಥಟ್ಟನೆ ಮೇಲೇರುವುದು ಅಲ್ಲೇ. ಅದರ ಕೆಲಸ ಬೇರೆ: ಹೃದಯ ಏಕಾಏಕಿ ಅಡ್ಡಾದಿಡ್ಡಿ ಬಡಿಯತೊಡಗಿದಾಗ ಶಾಕ್ ಕೊಟ್ಟು ಜೀವ ಉಳಿಸುವುದು. ಪಂಪಿಂಗ್ ಹೆಚ್ಚಿಸುವುದು ಅದರ ಕೆಲಸವಲ್ಲ. ರಕ್ತನಾಳದ ಕಾಯಿಲೆ ಕಾರಣವಲ್ಲದ ಹೃದಯ ವೈಫಲ್ಯದ 1,116 ರೋಗಿಗಳನ್ನು ನೋಡಿದ ಡ್ಯಾನಿಶ್ ಅಧ್ಯಯನ 2016ರಲ್ಲಿ, ಶಾಕ್ ಯಂತ್ರದಿಂದ ಹಠಾತ್ ಸಾವು ಕಡಿಮೆಯಾದರೂ ಒಟ್ಟು ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ ಎಂದು ತೋರಿಸಿತು. ಮೊದಲೇ ಹೃದಯಾಘಾತ ಆದವರ ಲೆಕ್ಕ ಬೇರೆ. ಆದ್ದರಿಂದ "ಶಾಕಿನ ಮಿಷನ್ ನಮಗೆ ಯಾಕ ಬೇಕು?" ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಮೊದಲು ಹೆಸರಿಸಿದ ಐದೂ ಊರುಗಳ ಹೃದಯ ರೋಗಿಗೆ ಮೊದಲಿಂದ ಎರಡು ದಿಕ್ಕು. ಪಶ್ಚಿಮಕ್ಕೆ ಕಲಬುರಗಿ, ಪೂರ್ವಕ್ಕೆ ಹೈದರಾಬಾದ್. ಸೇಡಂ, ಚಿತ್ತಾಪುರದವರು ರೈಲು ಹತ್ತಿದರೆ ಎರಡೂ ಕಡೆ ಹೋಗಬಹುದು. ರೈಲಿಲ್ಲದ ಚಿಂಚೋಳಿಯವರು ರಸ್ತೆಯನ್ನೇ ನೆಚ್ಚಬೇಕು. ಕಲಬುರಗಿಯಲ್ಲಿ ಹಲವು ವರ್ಷ ಜಿಮ್ಸ್ ಕಟ್ಟಡದಲ್ಲಿ ನಡೆದ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ 2024ರ ಡಿಸೆಂಬರಿನಲ್ಲಿ ತನ್ನದೇ ಕಟ್ಟಡಕ್ಕೆ ಬಂತು. ಹಾಸಿಗೆಗಳ ಸಂಖ್ಯೆ 371. ಸಂವಿಧಾನದ 371 ಜೆ ವಿಧಿಯ ನೆನಪಿಗೆ ಇಟ್ಟದ್ದು. ಹೃದಯಾಘಾತದ ತುರ್ತಿಗಾಗಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವದಂಥ ಕೇಂದ್ರಗಳಿಗೆ ಕಳಿಸಿ ಓದಿಸುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ. ಯಾವ ಬಗೆಯ ಯಂತ್ರ ಆ ಪ್ಯಾಕೇಜಿನೊಳಗೆ ಬರುತ್ತದೆ, ಹೈದರಾಬಾದಿಗೆ ಹೋದರೆ ಕಾರ್ಡು ನಡೆಯುತ್ತದೆಯೇ ಎಂಬುದನ್ನು ಊರು ಬಿಡುವ ಮೊದಲೇ ಆರೋಗ್ಯ ಮಿತ್ರರಲ್ಲಿ ವಿಚಾರಿಸುವುದು ಲೇಸು.

ಯಂತ್ರಕ್ಕಿಂತ ಮೊದಲು ಔಷಧಿ. ಬಡಿತ ನಿಧಾನವಾಗಿ ಅಪಾಯ ಎದುರಾಗಿರದಿದ್ದರೆ, ಹೃದಯ ವೈಫಲ್ಯದ ನಾಲ್ಕು ಗುಂಪಿನ ಮಾತ್ರೆಗಳನ್ನು ಕನಿಷ್ಠ ಮೂರು ತಿಂಗಳು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡು, ಮತ್ತೆ ಎಕೋ ಮಾಡಿಸಿ, ಆಮೇಲೆ ಸಿಆರ್‌ಟಿ ನಿರ್ಧಾರ ಎಂಬುದು ವಾಡಿಕೆ. ಕೆಲವರ ಪಂಪಿಂಗ್ ಅಷ್ಟರಲ್ಲೇ 35 ದಾಟುತ್ತದೆ. ಅವುಗಳಲ್ಲೊಂದಾದ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಬಹಳ ಇಳಿದಿದೆ. ಊರಿಗೆ ಬಂದು ದಮ್ಮು ಕಡಿಮೆಯಾಯಿತೆಂದು ಮಾತ್ರೆ ಬಿಟ್ಟರೆ ಯಾವ ತಂತಿಯೂ ಆ ಜಾಗ ತುಂಬುವುದಿಲ್ಲ.

ಮಿಷನ್ ಕೂಡಿಸಿಕೊಂಡವರು ಕೆಲಸದ ಬಗೆಯನ್ನೂ ಡಾಕ್ಟರರಿಗೆ ಬಿಡಿಸಿ ಹೇಳಬೇಕು. ವಾಡಿ, ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳಲ್ಲಿ, ಶಹಾಬಾದಿನ ವರ್ಕ್‌ಶಾಪುಗಳಲ್ಲಿ ಆರ್ಕ್ ವೆಲ್ಡಿಂಗ್ ಮಾಡುವವರಿದ್ದಾರೆ. ಅದರ ವಿದ್ಯುತ್ಕಾಂತೀಯ ಗದ್ದಲವನ್ನೇ ಹೃದಯದ ಬಡಿತವೆಂದು ಎಣಿಸಿ ಪೇಸ್‌ಮೇಕರ್ ಸುಮ್ಮನಾಗಬಹುದು. ಶಾಕ್ ಯಂತ್ರವಾದರೆ ಬೇಡದ ಶಾಕ್ ಹೊಡೆಯಬಹುದು. ಕಲ್ಲಿನ ಖಣಿಯಲ್ಲಿ ಭುಜದ ಮೇಲೆ ಕೈಯೆತ್ತಿ ಸುತ್ತಿಗೆ ಬೀಸುವವರಲ್ಲಿ ಕಾಲರ್ ಮೂಳೆಯ ಕೆಳಗೆ ತಂತಿ ಸವೆಯುವ ಭಯವಿದೆ. ಕೂಡಿಸಿದ ಮೊದಲ ನಾಲ್ಕಾರು ವಾರವಂತೂ ಯಾರೇ ಆಗಲಿ ಆ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು.

ಇನ್ನು, ಹತ್ತು ವರ್ಷದ ಹಿಂದೆಯೇ ಬಲಭಾಗದ ತಂತಿ ಕೂಡಿಸಿಕೊಂಡವರು. ಪ್ರತಿ ತಪಾಸಣೆಯಲ್ಲಿ ಯಂತ್ರವನ್ನು ಓದಿಸಿದಾಗ, ಎಷ್ಟು ಶೇಕಡಾ ಬಡಿತಗಳು ಯಂತ್ರದವು ಎಂಬ ಅಂಕಿ ಪರದೆಯ ಮೇಲೆ ಬರುತ್ತದೆ. ಆ ಅಂಕಿ 20 ದಾಟಿದ್ದು, ದಮ್ಮು, ಕಾಲುಬಾವು ಹೊಸದಾಗಿ ಕಾಣಿಸಿಕೊಂಡರೆ ಎಕೋ ಮಾಡಿಸಿ ಹಳೆಯ ವರದಿಯೊಂದಿಗೆ ಹೋಲಿಸಬೇಕು. ಪಂಪಿಂಗ್ ಇಳಿದಿದ್ದರೆ ಎಡಭಾಗಕ್ಕೊಂದು ತಂತಿ ಸೇರಿಸಬಹುದು, ಇಲ್ಲವೇ ನಡುಗೋಡೆಯೊಳಗೆ ಎಡ ಕವಲಿಗೆ ಹೊಸ ತಂತಿ ಇಳಿಸಬಹುದು. ಹಾಗೆ ಮಾಡಿದ ಹಲವರ ಹೃದಯ ಮತ್ತೆ ಬಲ ಪಡೆದದ್ದುಂಟು. ಅದಕ್ಕೆ ಅನುಕೂಲದ ಸಮಯ ಬ್ಯಾಟರಿ ಬದಲಿಸುವ ದಿನ. ಹೇಗೂ ಗಾಯ ತೆರೆಯುತ್ತಾರೆ, ಹೇಗೂ ಹೊಸ ಯಂತ್ರ ಬರುತ್ತದೆ. ಆ ದಿನಕ್ಕೆ ಮೊದಲೇ ಎಕೋ ಆಗಿ, ಅದರ ವರದಿ, ಹಳೆಯ ಇಸಿಜಿ, ಪೇಸ್‌ಮೇಕರ್ ಕಾರ್ಡು ಮೂರೂ ಒಂದೇ ಫೈಲಿನಲ್ಲಿದ್ದರೆ, ತಂತಿಯ ಪ್ರಶ್ನೆಯನ್ನು ಡಾಕ್ಟರರ ಎದುರು ಕೂತು ಅಲ್ಲೇ ಇತ್ಯರ್ಥ ಮಾಡಿಕೊಳ್ಳಬಹುದು.